ಅಕ್ಕ ಎರಡನೇ ಮೇಜಿಗೆ ಹೋಗಲಿಲ್ಲ

ಕೋವಿಡ್ ವಾರ್ಡನ್ನು ತೊಳೆದು ಮತ್ತೆ ಹೆರಿಗೆ ವಾರ್ಡಾಗಿ ಮಾಡಿದ ಮರುವರ್ಷ, ನಾನು ಮಳವಳ್ಳಿ ತಾಲ್ಲೂಕಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಹಿರಿಯ ಲ್ಯಾಬ್ ಟೆಕ್ನಿಷಿಯನ್ ಆಗಿದ್ದೆ. ಕೆಲಸಕ್ಕೆ ಸೇರಿ ಇಪ್ಪತ್ತೇಳು ವರ್ಷವಾಗಿತ್ತು. ಮನೆ ಮದ್ದೂರಿನಲ್ಲಿದ್ದುದರಿಂದ ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ನನ್ನ ಹೆಸರು ಭಾಗ್ಯ ಎಂದು ಹಳ್ಳಿಗಳಲ್ಲಿ ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ. ಬೆರಳು ಚುಚ್ಚುವವಳಾದ್ದರಿಂದ ‘ರಕ್ತದ ಮೇಡಮ್ಮು’ ಎನ್ನುತ್ತಿದ್ದರು. ಎಷ್ಟು ಸಾವಿರ ಬೆರಳು ಚುಚ್ಚಿದ್ದೇನೋ ಲೆಕ್ಕವಿಲ್ಲ. ಈ ಬರಹ ಅವುಗಳಲ್ಲಿ ಒಂದು ಬೆರಳಿನ ಕುರಿತಾದದ್ದು.

ಆ ಬೆರಳು ನನ್ನ ಅಕ್ಕ ಸಾಕಮ್ಮನದು. ಅವಳು ನನಗಿಂತ ಒಂಬತ್ತು ವರ್ಷ ದೊಡ್ಡವಳು. ನಮ್ಮ ತೌರು ಕೊತ್ತತ್ತಿಯ ಹತ್ತಿರ, ನಾಲೆ ನೀರಿನ ಸೀಮೆ. ಅಕ್ಕನನ್ನು ಕೊಟ್ಟದ್ದು ಹಲಗೂರಿನಿಂದ ಮುತ್ತತ್ತಿ ಕಡೆಗೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಕ್ಕಿರುವ ಊರಿಗೆ. ನನಗೆ ಹನ್ನೊಂದು ವರ್ಷವಾದಾಗ ಅವ್ವ ತೀರಿಕೊಂಡಳು. ಹನ್ನೊಂದನೆಯ ದಿನ ಕಳೆದ ಮೇಲೆ ಅಕ್ಕ ನನ್ನ ಬಟ್ಟೆಗಂಟನ್ನು ತಾನೇ ಕಟ್ಟಿ, ಯಾರನ್ನೂ ಕೇಳದೆ, ತನ್ನ ಗಂಡನ ಮನೆಗೆ ಕರೆದುಕೊಂಡು ಹೋದಳು. ಎಸ್ಸೆಸ್ಸೆಲ್ಸಿಯವರೆಗೆ ನಾನು ಅಲ್ಲಿಯೇ ಇದ್ದೆ. ಮಂಡ್ಯದಲ್ಲಿ ಹಾಸ್ಟೆಲಿಗೆ ಸೇರಿ ಲ್ಯಾಬ್ ಟೆಕ್ನಿಷಿಯನ್ ಕೋರ್ಸು ಮಾಡಿದ್ದೂ ಅವಳು ಹಟ ಹಿಡಿದದ್ದರಿಂದ. ಅವಳಿಗೆ ಓದು ಬರುತ್ತಿರಲಿಲ್ಲ. ನನ್ನ ಪುಸ್ತಕದಲ್ಲಿದ್ದ ರಕ್ತಕಣದ ಚಿತ್ರವನ್ನು ನೋಡಿ, “ಇದೇನಮ್ಮಿ, ನಿಪ್ಪಟ್ಟು ಇದ್ದಂಗದೆ” ಎಂದು ಒಮ್ಮೆ ನಕ್ಕಿದ್ದಳು.

ಅಕ್ಕ ರೇಷ್ಮೆ ಹುಳ ಸಾಕುತ್ತಿದ್ದಳು. ಭಾವ ಹಿಪ್ಪುನೇರಳೆ ತೋಟ ನೋಡಿಕೊಂಡರೆ, ಹುಳದ ಮನೆ ಪೂರ್ತಿ ಅವಳ ಕೈಯಲ್ಲಿ. ಎಲೆಅಡಿಕೆಯ ಜತೆ ಹೊಗೆಸೊಪ್ಪಿನ ಕಡ್ಡಿಪುಡಿ ಹಾಕುವುದು ಅವಳಿಗೆ ಮದುವೆಯಾದ ವರ್ಷದಿಂದಲೂ ಇದ್ದ ಅಭ್ಯಾಸ. ಹೊಗೆಸೊಪ್ಪು ಮುಟ್ಟಿದ ಕೈಯಲ್ಲಿ ಸೊಪ್ಪು ಹಾಕಿದರೆ ಹುಳ ಸತ್ತುಹೋಗುತ್ತವೆ ಎಂಬುದು ಹುಳ ಸಾಕುವವರಿಗೆಲ್ಲ ಗೊತ್ತು. ಅದಕ್ಕೇ ಅವಳು ಕಡ್ಡಿಪುಡಿಯ ಡಬ್ಬಿಯನ್ನು ಹೊರಗಿನ ಗೂಡಿನಲ್ಲಿಟ್ಟು, ಮೊಣಕೈವರೆಗೆ ಸೋಪು ಹಚ್ಚಿ ತೊಳೆದು, ಬಾಯಿ ಮುಕ್ಕಳಿಸಿ ಒಳಗೆ ಹೋಗುತ್ತಿದ್ದಳು. ಹೊರಗೆ ಬಂದ ಕೂಡಲೇ ಮತ್ತೆ ಎಡ ದವಡೆಗೆ ಒಂದು ಚಿಟಿಕೆ.

“ಹುಳಕ್ಕೆ ವಿಷ ಆಗೋದು ನಿನ್ಗೆ ಆಗಲ್ವಾ ಅಕ್ಕ?” ಎಂದು ನಾನು ಕೇಳಿದ್ದುಂಟು.

“ಹುಳ ಸೊಪ್ಪು ತಿಂತದೆ, ನಾನು ಮುದ್ದೆ ತಿಂತೀನಿ ಕಣಮ್ಮಿ. ಎರಡೂ ಒಂದೇಯಾ?” ಎನ್ನುವಳು. ಅವಳ ಹತ್ತಿರ ವಾದ ಮಾಡಿ ಗೆದ್ದವರಿಲ್ಲ.

ಆ ಕಾರ್ತಿಕದಲ್ಲಿ ಒಂದು ದಂತ ಕಾಲೇಜಿನವರು ನಮ್ಮ ಆಸ್ಪತ್ರೆಯ ಜತೆ ಸೇರಿ ಅಕ್ಕನ ಊರಿನ ಶಾಲೆಯಲ್ಲಿ ಬಾಯಿ ತಪಾಸಣೆಯ ಶಿಬಿರ ಇಟ್ಟುಕೊಂಡರು. ಬಂದವರು ಸ್ನಾತಕೋತ್ತರ ಓದುತ್ತಿದ್ದ ಒಬ್ಬ ಡಾಕ್ಟರಮ್ಮ. ಇಪ್ಪತ್ತೇಳೋ ಇಪ್ಪತ್ತೆಂಟೋ ವಯಸ್ಸಿರಬೇಕು. ಹೊಗೆಸೊಪ್ಪು ತಿನ್ನುವವರ ಬಾಯಿ ನೋಡುವುದರ ಜತೆಗೆ ಅವರ ರಕ್ತದ ಗುಂಪನ್ನೂ ಬರೆದುಕೊಳ್ಳಬೇಕೆಂಬುದು ಅವರ ಯೋಜನೆ. ಗುಂಪು ನೋಡಲು ನನ್ನನ್ನು ಕಳಿಸಿದ್ದರು.

ಜೀಪಿನಲ್ಲಿ ಹೋಗುವಾಗ ನಾನು ಕೇಳಿದೆ, “ಬಾಯಿಗೂ ರಕ್ತದ ಗುಂಪಿಗೂ ಏನು ಸಂಬಂಧ ಮೇಡಂ?”

ಅವರು ತಾಳ್ಮೆಯಿಂದ ಹೇಳಿದರು. ನಾವು ಎ, ಬಿ ಎಂದು ಕರೆಯುವುದು ಕೆಂಪು ರಕ್ತಕಣದ ಮೇಲಿರುವ ಗುರುತುಗಳನ್ನು. ಅವಕ್ಕೆ ಆ್ಯಂಟಿಜೆನ್ ಎನ್ನುತ್ತಾರೆ. ಎ ಗುರುತಿದ್ದವರು ಎ ಗುಂಪು, ಬಿ ಇದ್ದವರು ಬಿ, ಎರಡೂ ಇದ್ದವರು ಎಬಿ, ಎರಡೂ ಇಲ್ಲದವರು ಓ. ಇಷ್ಟು ನನಗೆ ಗೊತ್ತಿದ್ದದ್ದೇ. ಗೊತ್ತಿಲ್ಲದಿದ್ದದ್ದೆಂದರೆ, ಅದೇ ಗುರುತುಗಳು ಬಾಯಿಯ ಒಳಪದರದ ಜೀವಕೋಶಗಳ ಮೇಲೂ ಇರುತ್ತವೆ. ಬಾಯಿಯ ಒಂದು ಜಾಗ ಕ್ಯಾನ್ಸರಿನ ಕಡೆಗೆ ತಿರುಗಿದಾಗ ಆ ಜಾಗದ ಕೋಶಗಳಲ್ಲಿ ಈ ಗುರುತು ಮಸುಕಾಗುವುದನ್ನು, ಕೆಲವೊಮ್ಮೆ ಪೂರ್ತಿ ಅಳಿಸಿಹೋಗುವುದನ್ನು ತಜ್ಞರು ಕಂಡಿದ್ದಾರೆ. ಆದರೆ ಬೆರಳಿನಿಂದ ತೆಗೆದ ರಕ್ತದಲ್ಲಿ ಅದು ಕಾಣುವುದಿಲ್ಲ. ರಕ್ತದ ಗುಂಪು ಹಾಗೆಯೇ ಇರುತ್ತದೆ. ಬಾಯಿಯ ತುಣುಕು ತೆಗೆದು ನೋಡಿದರೆ ಮಾತ್ರ ತಿಳಿಯುತ್ತದೆ.

“ಇನ್ನೊಂದು ಪ್ರಶ್ನೆಯೂ ಇದೆ” ಎಂದರು ಡಾಕ್ಟರಮ್ಮ. “ಯಾವುದಾದರೂ ಒಂದು ಗುಂಪಿನವರಿಗೆ ಬಾಯಿ ಕ್ಯಾನ್ಸರು ಹೆಚ್ಚು ಬರುತ್ತಾ ಅಂತ. ಕೆಲವರು ಎ ಗುಂಪಿನವರಲ್ಲಿ ಸ್ವಲ್ಪ ಹೆಚ್ಚು ಅಂದಿದ್ದಾರೆ. ಇನ್ನು ಕೆಲವರಿಗೆ ಅಂಥದ್ದೇನೂ ಕಂಡಿಲ್ಲ. ತೀರ್ಮಾನ ಆಗಿಲ್ಲ. ಜನರ ಮುಂದೆ ಇದನ್ನ ಹೇಳೋದು ಬೇಡ ಮೇಡಂ.”

ನಾನು ತಲೆಯಾಡಿಸಿದೆ.

ಶಾಲೆಯ ಜಗುಲಿಯಲ್ಲಿ ಎರಡು ಮೇಜು ಹಾಕಿದ್ದರು. ಒಂದು ನನಗೆ, ಒಂದು ಡಾಕ್ಟರಮ್ಮನಿಗೆ. ಮೊದಲು ಬಾಯಿ, ಆಮೇಲೆ ರಕ್ತ ಎಂದು ಅವರು ಹೇಳಿದರು. ಬೇಡ ಎಂದವಳು ನಾನು. ಗುಂಪು ನೋಡುವ ದ್ರಾವಣಗಳನ್ನು ತಂಪಿನಲ್ಲಿಡಬೇಕು. ನನ್ನ ಡಬ್ಬಿಯಲ್ಲಿದ್ದ ಐಸು ಮಧ್ಯಾಹ್ನದವರೆಗೆ ತಡೆಯುವಂತಿರಲಿಲ್ಲ. “ರಕ್ತ ಬೇಗ ಮುಗಿಸಿಬಿಡೋಣ ಮೇಡಂ. ಜನ ಬರೋದೇ ಬ್ಲಡ್ ಗ್ರೂಪಿನ ಚೀಟಿಗೆ. ಚೀಟಿ ಸಿಕ್ಕಿದ ಖುಷಿಗೆ ಬಾಯಿನೂ ತೋರಿಸ್ತಾರೆ” ಎಂದೆ. ಇಪ್ಪತ್ತೇಳು ವರ್ಷದ ಅನುಭವ ಎಂದು ಅವರು ಒಪ್ಪಿಕೊಂಡರು.

ಗುಂಪು ನೋಡುವುದು ಎರಡು ನಿಮಿಷದ ಕೆಲಸ. ಗಾಜಿನ ಪಟ್ಟಿಯ ಮೇಲೆ ಮೂರು ಕಡೆ ಒಂದೊಂದು ಹನಿ ರಕ್ತ. ಮೊದಲನೆಯದಕ್ಕೆ ನೀಲಿ ದ್ರಾವಣ, ಎರಡನೆಯದಕ್ಕೆ ಹಳದಿ, ಮೂರನೆಯದಕ್ಕೆ ಬಣ್ಣವಿಲ್ಲದ್ದು. ಕಡ್ಡಿಯಲ್ಲಿ ಕಲಸಿ ಪಟ್ಟಿಯನ್ನು ಮೆಲ್ಲಗೆ ಓಲಾಡಿಸಿದರೆ, ಗುರುತು ಇರುವ ಕಡೆ ರಕ್ತ ಒಡೆದ ಹಾಲಿನ ಹಾಗೆ ಗಂಟುಗಂಟಾಗುತ್ತದೆ. ಇಲ್ಲದ ಕಡೆ ನಯವಾಗಿಯೇ ಉಳಿಯುತ್ತದೆ. ಮೂರನೆಯ ಹನಿ ಗಂಟಾದರೆ ಪಾಸಿಟಿವ್, ಇಲ್ಲದಿದ್ದರೆ ನೆಗೆಟಿವ್. ಅನುಮಾನ ಬಂದದ್ದನ್ನು ಲ್ಯಾಬಿಗೆ ತಂದು ಮತ್ತೆ ನೋಡುತ್ತಿದ್ದೆವು.

ಹತ್ತೂವರೆಯ ಹೊತ್ತಿಗೆ ಸಾಲು ಉದ್ದವಾಗಿತ್ತು. ಸಾಲಿನಲ್ಲಿದ್ದ ಕೆಂಪಯ್ಯ ಭಾವನಿಗೆ ದೂರದಿಂದ ತಮ್ಮನಾಗಬೇಕು. ಬಾಯಿ ತುಂಬ ಎಲೆಅಡಿಕೆ ಇಟ್ಟುಕೊಂಡೇ ಬಂದಿದ್ದ. ಅವನದು ಎ ಪಾಸಿಟಿವ್ ಬಂತು.

“ಬಾಯಿ ನೋಡೋಕೆ ರಕ್ತ ಯಾಕ್ ತಗೊಂಡೆ, ಅದನ್ನ ಏಳು ಮೊದ್ಲು” ಎಂದು ಹಟ ಹಿಡಿದ.

ಜೀಪಿನಲ್ಲಿ ತಲೆಯಾಡಿಸಿದ್ದು ಆಗ ನನಗೆ ನೆನಪಿರಲಿಲ್ಲವೆಂದರೆ ಸುಳ್ಳಾಗುತ್ತದೆ. ನೆನಪಿತ್ತು. ಆದರೂ ಗೊತ್ತಿರುವುದನ್ನು ಹೇಳುವ ಆಸೆ ಎಲ್ಲರಿಗೂ ಇರುತ್ತದೆ, ಅದರಲ್ಲೂ ಬೆಳೆದ ಊರಿನ ಜನರ ಮುಂದೆ. “ಎ ಗುಂಪಿನೋರಿಗೆ ಬಾಯಿ ಕ್ಯಾನ್ಸರು ಒಸಿ ಜಾಸ್ತಿ ಅಂತ ಕೆಲವರು ಹೇಳ್ತಾರೆ. ಗ್ಯಾರಂಟಿ ಇಲ್ಲ. ಅದಕ್ಕೇ ನೋಡೋದು” ಎಂದೆ.

ನನ್ನ ಮಾತಿನ ಮೊದಲ ಭಾಗ ಮಾತ್ರ ಸಾಲಿನ ಕೊನೆಯವರೆಗೆ ಹೋಯಿತು. ಹೋಗುತ್ತಾ ಹೋಗುತ್ತಾ ಬೇರೆಯೇ ಆಯಿತು. ಅರ್ಧ ಗಂಟೆಯೊಳಗೆ ಎ ಬಂದವರಿಗೆ ಬಾಯಿಗೆ ಕ್ಯಾನ್ಸರಿನ ಹುಣ್ಣು ಬರುತ್ತದೆ, ಓ ಬಂದವರಿಗೆ ಬರುವುದಿಲ್ಲ ಎಂದು ಜಗುಲಿಯಲ್ಲೆಲ್ಲ ತೀರ್ಮಾನವಾಗಿಹೋಯಿತು. ಓ ಪಾಸಿಟಿವ್ ಎನ್ನುವುದರಲ್ಲಿ ‘ಪಾಸು’ ಎಂಬ ಮಾತು ಬೇರೆ ಸೇರಿಕೊಂಡಿತ್ತು. ಎ ಗುಂಪಿನವರದೂ ಪಾಸಿಟಿವ್ವೇ. ಅದನ್ನು ಯಾರೂ ಗಣನೆಗೆ ತೆಗೆದುಕೊಳ್ಳಲಿಲ್ಲ.

“ನೀನು ಪಾಸಾ ಫೇಲಾ?”

“ನಾನು ಓ ಪಾಸು ಕಣ್ಲಾ. ಕೆಂಪ ಫೇಲಾಗವ್ನೆ ನೋಡು, ಮೊಕ ಎಂಗಾಗದೆ.”

“ಸ್ಕೂಲ್ನಲ್ಲೂ ಅವ್ನು ಫೇಲೇ ಅಲ್ವಾ, ಏನ್ ಒಸ್ದಾಗಿ ಆಯ್ತಾ?”

ಜನ ನಗುತ್ತಿದ್ದರು. ನಾನೂ ನಕ್ಕೆ. ಕೆಂಪಯ್ಯ ನಗಲಿಲ್ಲ. ಬಾಯಲ್ಲಿದ್ದದ್ದನ್ನು ಉಗಿದು ಬಂದು ಸೀದಾ ಎರಡನೇ ಮೇಜಿನ ಮುಂದೆ ಕುಳಿತ.

ಅಕ್ಕ ಬಂದದ್ದು ಹನ್ನೊಂದು ಗಂಟೆಗೆ. ಹುಳ ನಾಲ್ಕನೇ ಜ್ವರ ಎದ್ದಿದ್ದವು. ಕೊನೆಯ ಸಲ ಪೊರೆ ಬಿಡುವುದಕ್ಕೆ ರೇಷ್ಮೆಯವರು ಹಾಗೆನ್ನುತ್ತಾರೆ. ಅದಾದ ಮೇಲಿನ ವಾರ ಹುಳ ಬಕಾಸುರನ ಹಾಗೆ ತಿನ್ನುತ್ತವೆ. ಹೊತ್ತಿಗೆ ಸರಿಯಾಗಿ ಸೊಪ್ಪು ಹಾಕದಿದ್ದರೆ ಗೂಡು ಹಗುರಾಗುತ್ತದೆ. ಅಕ್ಕ ಸಾಲನ್ನು ತಪ್ಪಿಸಿ ನೇರವಾಗಿ ನನ್ನ ಮುಂದೆ ಕೈ ಚಾಚಿದಳು.

“ಬೇಗ ಚುಚ್ಚಮ್ಮಿ. ಹುಳ ಅಸ್ಕೊಂಡು ಕುಂತವೆ.”

“ಸಾಲಲ್ಲಿ ಬಾ ಅಕ್ಕ.”

“ನಿನ್ ತಲೆ ಬಾಚ್ದೋಳಿಗೆ ಸಾಲಾ? ಚುಚ್ಚು.”

ಚುಚ್ಚಿದೆ. ಸೊಪ್ಪು ಕೊಯ್ದು ಕೊಯ್ದು ಅವಳ ಬೆರಳ ತುದಿ ಒರಟಾಗಿತ್ತು, ಎರಡು ಸಲ ಚುಚ್ಚಬೇಕಾಯಿತು. ಹನಿಗಳನ್ನು ಕಲಸಿದೆ. ನೀಲಿಯಲ್ಲಿ ನಯವಾಗಿ ಉಳಿಯಿತು. ಹಳದಿಯಲ್ಲೂ ನಯವಾಗಿ ಉಳಿಯಿತು. ಮೂರನೆಯದು ಗಂಟಾಯಿತು. ಎಲ್ಲಕ್ಕಿಂತ ಮೊದಲು ನನಗೆ ಆದದ್ದು ಸಮಾಧಾನ. ಬೆಳಗಿನಿಂದ ಆ ಎ ಅಕ್ಷರ ನನ್ನ ತಲೆಯಲ್ಲೂ ಕುಳಿತಿತ್ತು. ಅವಳ ಕಡ್ಡಿಪುಡಿಯ ಬಗ್ಗೆ ವರ್ಷಗಟ್ಟಲೆ ಹೆದರಿದವಳು ನಾನು. ಆ ಸಮಾಧಾನದಲ್ಲಿ ಚೀಟಿ ಬರೆಯುತ್ತಾ ಹೇಳಿಬಿಟ್ಟೆ: “ಓ ಪಾಸಿಟಿವ್ವು. ಪಾಸಾದೆ ಬುಡಕ್ಕ.”

ಅಕ್ಕ ಚೀಟಿಯನ್ನು ಮಡಿಚಿ ರವಿಕೆಯೊಳಗೆ ಇಟ್ಟುಕೊಂಡಳು. “ಅಂಗಾದ್ರೆ ನಾನು ಬತ್ತೀನಿ.”

“ಬಾಯಿ ತೋರಿಸ್ಬುಟ್ಟು ಹೋಗು. ಅಲ್ಲಿ, ಆ ಮೇಜು.”

“ಪಾಸಾದ ಮೇಲೆ ಇನ್ನೇನಮ್ಮಿ ಎರಡನೇ ಪರೀಕ್ಸೆ? ಆಮೇಲ್ ಬತ್ತೀನಿ ಬುಡು.”

ನಾನು ಮುಂದಿನವರ ಬೆರಳು ಹಿಡಿದಿದ್ದೆ. ತಲೆಯೆತ್ತುವಷ್ಟರಲ್ಲಿ ಅವಳು ಶಾಲೆಯ ಗೇಟು ದಾಟಿದ್ದಳು.

ಕೆಂಪಯ್ಯನ ಬಲ ಕೆನ್ನೆಯ ಒಳಗೆ ಒಂದು ಬಿಳಿ ಮಚ್ಚೆ ಇತ್ತು. ನೋವಿಲ್ಲ, ಉರಿಯಿಲ್ಲ, ಇದ್ದದ್ದೇ ಅವನಿಗೆ ಗೊತ್ತಿರಲಿಲ್ಲ. ಡಾಕ್ಟರಮ್ಮ ಮಂಡ್ಯದ ದೊಡ್ಡಾಸ್ಪತ್ರೆಗೆ ಹೋಗಹೇಳಿದರು. ಹೆದರಿದ್ದ ಅವನು ಮಾರನೆಯ ದಿನವೇ ಹೋದ. ತುಣುಕು ತೆಗೆದು ಪರೀಕ್ಷೆ ಮಾಡಿದಾಗ ಕೋಶಗಳು ಕೆಡಲು ಶುರುವಾಗಿವೆ, ಇನ್ನೂ ಕ್ಯಾನ್ಸರಾಗಿಲ್ಲ ಎಂದು ಬಂತು. ಆ ಜಾಗವನ್ನು ಕತ್ತರಿಸಿ ತೆಗೆದರು. ಎಲೆಅಡಿಕೆ ಬಿಟ್ಟ. ಊರಿನವರು ಕೆಲವು ದಿನ ‘ಫೇಲು ಕೆಂಪ’ ಎಂದು ಕರೆದರು, ಆಮೇಲೆ ಮರೆತರು.

ಮುಂದಿನ ಆಷಾಢದಲ್ಲಿ ಅಕ್ಕನ ಮನೆಗೆ ಹೋಗಿದ್ದೆ. ಊಟಕ್ಕೆ ಕುಳಿತಾಗ ಅವಳು ಮುದ್ದೆಯನ್ನು ಕಡಲೆಕಾಳಿನಷ್ಟು ಮುರಿದು, ಸಾರಿಗೆ ಅದ್ದದೆ ಮಜ್ಜಿಗೆಗೆ ಅದ್ದಿ ನುಂಗುತ್ತಿದ್ದಳು. ಖಾರವಿಲ್ಲದಿದ್ದರೆ ತಟ್ಟೆ ತಳ್ಳುತ್ತಿದ್ದವಳು ಅವಳು.

“ಯಾಕಕ್ಕ, ಸಾರು ಬೇಡ್ವಾ?”

“ಅಲ್ಲು ನೋಯ್ತದೆ. ಒಸಿ ಬಾಯುಣ್ಣಾಗದೆ.”

“ಎಷ್ಟು ದಿನದಿಂದ? ಬಾಯಿ ತೆಗಿ ನೋಡ್ತೀನಿ.”

“ನೀನೇನ್ ಅಲ್ಲಿನ್ ಡಾಕ್ಟರಾ? ರಕ್ತ ನೋಡೋಳು ರಕ್ತ ನೋಡು.” ನಕ್ಕಳು. ಪೂರ್ತಿ ಬಾಯಿ ತೆರೆದು ನಗಲು ಆಗಲಿಲ್ಲ ಎಂಬುದನ್ನು ನಾನು ಗಮನಿಸಿದೆ. “ನಂದು ಓ ಕಣಮ್ಮಿ. ನೀನೇ ಬರ್ದ್ ಕೊಟ್ಟಿದ್ದೀಯಲ್ಲ.”

“ಅದಕ್ಕೂ ಇದಕ್ಕೂ ಸಂಬಂಧ ಇಲ್ಲಕ್ಕ. ಆವತ್ತು ನಾನು ತಮಾಷೆಗೆ ಅಂದೆ.”

“ತಮಾಸೆಗೆ ಚೀಟಿ ಬರೀತಾರಾ ಸರ್ಕಾರದೋರು?”

ಚೀಟಿಯನ್ನು ಅವಳು ಗೋಡೆಯ ಮೇಲಿನ ಗಾಜಿನ ಪಟದ ಹಿಂದೆ ಸಿಕ್ಕಿಸಿ ಇಟ್ಟಿದ್ದಳು. ನಾಳೆಯೇ ಮಂಡ್ಯಕ್ಕೆ ಹೋಗೋಣ ಎಂದೆ. ಈ ಬೆಳೆ ಮುಗಿಯಲಿ ಎಂದಳು. ಒಂದು ಬೆಳೆಗೆ ಇಪ್ಪತ್ತೈದು, ಇಪ್ಪತ್ತಾರು ದಿನ. ಅದು ಮುಗಿಯುವಷ್ಟರಲ್ಲಿ ಮುಂದಿನ ಚಾಕಿ ಹುಳ, ಅಂದರೆ ಮರಿಹುಳ, ಮನೆಗೆ ಬಂದಿದ್ದವು. ನಾನು ಫೋನು ಮಾಡಿದಾಗಲೆಲ್ಲ ವಾಸಿಯಾಗುತ್ತಿದೆ ಎನ್ನುತ್ತಿದ್ದಳು. ಅವಳನ್ನು ಎಳೆದುಕೊಂಡು ಹೋಗಬೇಕಿತ್ತು. ಹೋಗಲಿಲ್ಲ. ಡೆಂಗಿ ಶುರುವಾಗಿ ಲ್ಯಾಬಿನಲ್ಲಿ ಕೆಲಸ ಹೆಚ್ಚಿತ್ತು ಎನ್ನುವುದು ನಿಜ. ಆದರೆ ಅದಕ್ಕಿಂತ ಒಳಗಿನ ನಿಜ ಇನ್ನೊಂದಿದೆ. ಎಲ್ಲ ತಿಳಿದಿದ್ದೂ, ಅವಳದು ಓ ಅಲ್ಲವೇ, ಇರಲಿಕ್ಕಿಲ್ಲ ಎಂದು ನನ್ನ ಮನಸ್ಸಿನ ಒಂದು ಮೂಲೆಯೂ ಹೇಳಿಕೊಳ್ಳುತ್ತಿತ್ತು. ನಾನು ಹಬ್ಬಿಸಿದ ಮಾತನ್ನು ಊರಿನವರಷ್ಟೇ ಅಲ್ಲ, ನಾನೂ ನಂಬಿದ್ದೆ.

ಗೌರಿ ಹಬ್ಬಕ್ಕೆ ಬಾಗಿನ ತೆಗೆದುಕೊಳ್ಳಲು ಹೋದಾಗ ಅವಳ ಬಾಯಿಗೆ ಒಂದು ಬೆರಳು ಹೋಗುವಷ್ಟೂ ಜಾಗವಿರಲಿಲ್ಲ. ಎಡ ದವಡೆಯ ಕೆಳಗೆ ಗಡ್ಡೆ ಕೈಗೆ ಸಿಗುತ್ತಿತ್ತು. ಭಾವನಿಗೆ ಆಟೊ ತರಹೇಳಿ ಅವಳ ಸೀರೆಗಳನ್ನು ಚೀಲಕ್ಕೆ ತುಂಬಿದೆ.

“ಹುಳ ಅವೆ ಕಣಮ್ಮಿ” ಎಂದಳು.

“ಸಾಯ್ಲಿ ಬುಡು” ಎಂದೆ. ಹುಳದ ಮನೆಯ ಬಾಗಿಲಲ್ಲಿ ಅಂಥ ಮಾತನ್ನು ಯಾರೂ ಆಡುವುದಿಲ್ಲ. ಅಕ್ಕ ಆಟೊ ಹತ್ತಿದಳು.

ಮಂಡ್ಯದಲ್ಲಿ ತುಣುಕು ತೆಗೆದರು. ವರದಿಯನ್ನು ನಾನೇ ಹೋಗಿ ತಂದೆ. ಸ್ಕ್ವಾಮಸ್ ಸೆಲ್ ಕಾರ್ಸಿನೋಮ ಎಂದಿತ್ತು. ಬಾಯಿಯ ಒಳಪದರದಲ್ಲಿ ಹುಟ್ಟುವ ಕ್ಯಾನ್ಸರು. ದವಡೆಯ ಮೂಳೆಗೂ ಕತ್ತಿನ ಗ್ರಂಥಿಗಳಿಗೂ ಹರಡಿತ್ತು. ಇಂಥ ಎಷ್ಟೋ ವರದಿಗಳನ್ನು ಎಷ್ಟೋ ಮನೆಯವರ ಕೈಗೆ ಕೊಟ್ಟು, ‘ಡಾಕ್ಟರಿಗೆ ತೋರಿಸಿ’ ಎಂದಿದ್ದೇನೆ. ಅವತ್ತು ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಅದನ್ನು ಮೂರು ಸಲ ಓದಿದೆ, ಬೇರೆಯವರ ಹೆಸರಿರಬಹುದೇನೋ ಎಂದು.

ಆಪರೇಷನ್ನಿಗೆ ರಕ್ತ ಹೊಂದಿಸಬೇಕಿತ್ತು. ಅಲ್ಲಿನ ಟೆಕ್ನಿಷಿಯನ್ ಪರಿಚಯದವರು. ನಾನು ನೋಡುತ್ತಿದ್ದಂತೆಯೇ ಗುಂಪು ಪರೀಕ್ಷೆ ಮಾಡಿದರು. ನೀಲಿಯಲ್ಲಿ ನಯ, ಹಳದಿಯಲ್ಲಿ ನಯ, ಮೂರನೆಯದು ಗಂಟು. ಒಂದಿಷ್ಟೂ ವ್ಯತ್ಯಾಸವಿರಲಿಲ್ಲ. ಅಷ್ಟೆಲ್ಲ ಆಗಿದ್ದರೂ ಆ ಗಾಜಿನ ಪಟ್ಟಿಗೆ ಏನೂ ಗೊತ್ತಿರಲಿಲ್ಲ. ಮೊದಲ ದಿನವೂ ಅದಕ್ಕೆ ಗೊತ್ತಿರಲಿಲ್ಲ.

ಆ ವಾರ ನಾನು ಡಾಕ್ಟರಮ್ಮನಿಗೆ ಫೋನು ಮಾಡಿದೆ. ಶಿಬಿರದ ದಿನ ಬಾಯಿ ತೋರಿಸಿದ್ದರೆ ಕಾಣುತ್ತಿತ್ತೇ ಎಂದು ಕೇಳಿದೆ. ಅವರು, “ಕಾಣ್ತಿತ್ತೋ ಇಲ್ಲವೋ, ಈಗ ಯಾರೂ ಹೇಳೋಕಾಗಲ್ಲ ಮೇಡಂ” ಎಂದರು. ಶಿಬಿರದ ರಿಜಿಸ್ಟರ್ ಕಳಿಸಿ ಎಂದು ಬೇಡಿಕೊಂಡೆ. ಪುಟಗಳ ಫೋಟೊ ತೆಗೆದು ಕಳಿಸಿದರು.

ಅದರಲ್ಲಿ ನೂರ ಹನ್ನೆರಡು ಹೆಸರು. ಒಂದು ಕಾಲಮ್ಮಿನಲ್ಲಿ ರಕ್ತದ ಗುಂಪು, ಪಕ್ಕದ್ದರಲ್ಲಿ ಬಾಯಿ ತಪಾಸಣೆಯ ವಿವರ. ಎ ಗುಂಪಿನವರ ಮುಂದೆಲ್ಲ ಬಾಯಿಯ ವಿವರ ಇತ್ತು, ಒಬ್ಬರೂ ತಪ್ಪಿಸಿಕೊಂಡಿರಲಿಲ್ಲ. ಓ ಗುಂಪಿನವರಲ್ಲಿ ಹತ್ತೊಂಬತ್ತು ಜನರ ಮುಂದೆ ಆ ಜಾಗ ಖಾಲಿಯಿತ್ತು. ಅಕ್ಕನದು ಅರವತ್ತೆಂಟನೆಯ ಸಾಲು. ಇಷ್ಟು ಖಾಲಿ ಬಿದ್ದದ್ದನ್ನು ಶಿಬಿರದ ಸಂಜೆಯೇ ನೋಡಬಹುದಿತ್ತು. ಐಸು ಕರಗುವ ಮೊದಲೇ ಕೆಲಸ ಮುಗಿಯಿತು ಎಂಬ ತೃಪ್ತಿಯಲ್ಲಿ ನಾನು ಅವತ್ತು ಪುಟ ತಿರುವಿರಲಿಲ್ಲ.

ಉಳಿದ ಹದಿನೆಂಟು ಜನರನ್ನು ಹುಡುಕಿಕೊಂಡು ಮೂರು ಭಾನುವಾರ ಆ ಊರಿಗೆ ಹೋದೆ. ಊರಿನ ಆಶಾ ಕಾರ್ಯಕರ್ತೆ ಜತೆಗೆ ಬಂದಳು. ಮನೆಮನೆಗೆ ಹೋಗಿ, “ಆವತ್ತು ನಾನು ಹೇಳಿದ್ದು ತಪ್ಪು. ಓ ಗುಂಪಿಗೂ ಬರ್ತದೆ. ನಮ್ಮಕ್ಕನಿಗೆ ಬಂದದೆ” ಎಂದೆ. ಕೆಲವರು ಕನಿಕರ ತೋರಿಸಿದರು. ಒಬ್ಬರು ಮಾತ್ರ ಮುಖಕ್ಕೆ ಹೇಳಿದರು: “ಆವತ್ತು ಪಾಸು ಅಂದೆ, ಇವತ್ತು ಫೇಲು ಅಂತೀಯ. ನಾವು ಯಾವ್ದನ್ನ ನಂಬಾದು ಮೇಡಮ್ಮು?” ನಾನು ಮುಂದಿನ ಮನೆಯ ಬಾಗಿಲು ತಟ್ಟಿದೆ. ಹದಿನಾರು ಜನ ತೋರಿಸಲು ಬಂದರು. ಒಬ್ಬ ಹೆಂಗಸಿಗೆ ನಾಲಗೆಯ ಪಕ್ಕದಲ್ಲಿ ಕೆಂಪು ಮಚ್ಚೆಯಿತ್ತು. ಈಗಲೂ ಮೂರು ತಿಂಗಳಿಗೊಮ್ಮೆ ಮಂಡ್ಯಕ್ಕೆ ಹೋಗಿ ಬರುತ್ತಾರೆ. ಇಬ್ಬರು ಕೊನೆಗೂ ಬರಲಿಲ್ಲ.

ಅಕ್ಕನ ಎಡ ದವಡೆಯ ಅರ್ಧ ತೆಗೆದರು. ಎದೆಯಿಂದ ಮಾಂಸ ತಂದು ಕೆನ್ನೆಗೆ ಹೊಲಿದರು. ಆಮೇಲೆ ಆರು ವಾರ ರೇಡಿಯೇಷನ್. ಮೂಗಿನ ಕೊಳವೆಯಲ್ಲಿ ರಾಗಿ ಗಂಜಿ ಬಿಡುತ್ತಿದ್ದೆ. ಮಾತು ಕಲಸಿಹೋಗಿತ್ತು. ಬೇರೆಯವರಿಗೆ ತಿಳಿಯುತ್ತಿರಲಿಲ್ಲ, ನನಗೂ ಭಾವನಿಗೂ ತಿಳಿಯುತ್ತಿತ್ತು. ಒಂದು ಮಧ್ಯಾಹ್ನ ಭಾವ ಔಷಧಿ ತರಲು ಹೋಗಿದ್ದಾಗ ನಾನು ಅವಳ ಪಕ್ಕ ಕುಳಿತು ಹೇಳಿದೆ.

“ಅಕ್ಕ, ಆವತ್ತು ನಾನು ಪಾಸಾದೆ ಅನ್ನದೇ ಇದ್ದಿದ್ರೆ ನೀನು ಬಾಯಿ ತೋರಿಸ್ತಿದ್ದೆ.”

ಅವಳು ನನ್ನ ಕಡೆ ತಿರುಗಿದಳು. ಕೋಪ ಬಂದಿದೆಯೋ ಏನೋ ಆ ಊದಿದ ಮುಖದಲ್ಲಿ ಗೊತ್ತಾಗಲಿಲ್ಲ. ಆಮೇಲೆ ಒಂದೊಂದೇ ಮಾತನ್ನು ನಿಧಾನವಾಗಿ ತಳ್ಳಿ ಹೇಳಿದಳು: “ಕಡ್ಡಿಪುಡಿ ತಿಂದೋಳು ನಾನು. ನೀನ್ ಬುಡು ಅಂದೆ, ಬುಟ್ನಾ? ನಿನ್ ಮಾತ ಯಾವತ್ ಕೇಳಿದ್ದೆ ನಾನು, ಆವತ್ ಕೇಳೋಕೆ?”

ನನ್ನ ಹೊರೆ ಇಳಿಸಲು ಆಡಿದ ಮಾತು. ನಲವತ್ತೈದು ವರ್ಷದಿಂದ ಅವಳು ನನ್ನ ಹೊರೆಗಳನ್ನು ಹೀಗೆಯೇ ಇಳಿಸಿದವಳು. ಆದರೆ ಇಬ್ಬರಿಗೂ ಗೊತ್ತಿತ್ತು, ಆವತ್ತು ಕೇಳಿದ್ದಳು. ಅವಳು ನನ್ನ ಮಾತು ಕೇಳಿದ್ದು ಅದೊಂದೇ ಸಲ.

ಮುಂದಿನ ಬೇಸಿಗೆಯಲ್ಲಿ ಅಕ್ಕ ಹೋದಳು. ತಿಥಿಯ ದಿನ ಊಟ ಮುಗಿದ ಮೇಲೆ ಕೆಂಪಯ್ಯ ಬಂದು ನನ್ನ ಎದುರು ಕುಕ್ಕರುಗಾಲಿನಲ್ಲಿ ಕುಳಿತ. ಕಣ್ಣು ಕೆಂಪಾಗಿತ್ತು.

“ಅತ್ಗೆ ನನ್ನ ಎಷ್ಟು ಆಡ್ಕೊಂಡಿದ್ರು, ಫೇಲಾದೋನೆ ಫೇಲಾದೋನೆ ಅಂತ” ಎಂದ. “ನಂಗೆ ಎ ಅಂತ ಬರ್ದೆಯಲ್ಲವ್ವ, ಅದ್ಕೇ ಎದ್ರಿ ಮಂಡ್ಯಕ್ಕೋದೆ, ಅದ್ಕೇ ಉಳ್ಕೊಂಡೆ. ಆ ಬರ್ದ ಕೈ ತಣ್ಣಗಿರ್ಲಿ.”

ಅವನು ಮನಸಾರೆ ಹರಸಿದ. ಅಕ್ಕನ ಚೀಟಿ ಬರೆದದ್ದೂ ಅದೇ ಕೈ, ಅದೇ ಪೆನ್ನು, ಅರ್ಧ ಗಂಟೆಯ ಅಂತರದಲ್ಲಿ. ಅವನಿಗೂ ನಾನು ಪೂರ್ತಿ ಸತ್ಯ ಹೇಳಿರಲಿಲ್ಲ, ಅವಳಿಗೂ ಹೇಳಿರಲಿಲ್ಲ. ಒಬ್ಬರು ಸುಳ್ಳಿಗೆ ಹೆದರಿ ಉಳಿದರು, ಇನ್ನೊಬ್ಬರು ಅದೇ ಸುಳ್ಳನ್ನು ನಂಬಿ ಹೋದರು. ಇದನ್ನು ಯಾವ ತಕ್ಕಡಿಯಲ್ಲಿ ಹೇಗೆ ತೂಗಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ. ಎದ್ದು ಹಿತ್ತಲಿಗೆ ಹೋದೆ.

ಡಾಕ್ಟರಮ್ಮನ ಪ್ರಬಂಧದಲ್ಲಿ ಕೊನೆಗೆ ಏನು ಬಂತು ಎಂದು ನಾನು ಕೇಳಲಿಲ್ಲ. ಯಾವ ಗುಂಪಿಗೆ ಅಪಾಯ ಎಷ್ಟು ಎಂಬುದನ್ನು ಓದಿದವರು ಸಾವಿರಾರು ಜನರನ್ನು ನೋಡಿ ಮುಂದೆ ತೀರ್ಮಾನಿಸಲಿ. ಅದು ಬೇಕಾದ ಕೆಲಸವೇ. ಆದರೆ ಸಾವಿರ ಜನರ ಬಗ್ಗೆ ಹೇಳುವ ಮಾತನ್ನು ಒಬ್ಬರ ಕೈಗೆ ಚೀಟಿಯಾಗಿ ಕೊಡಲು ಬರುವುದಿಲ್ಲ. ದವಡೆಗೆ ಒತ್ತಿದ ಹೊಗೆಸೊಪ್ಪು ನಿನ್ನದು ಯಾವ ಗುಂಪು ಎಂದು ಕೇಳುವುದಿಲ್ಲ.

ನಿವೃತ್ತಿಗೆ ಎರಡು ತಿಂಗಳಿರುವಾಗ ಕೊತ್ತತ್ತಿಯ ಹತ್ತಿರ ಒಂದು ಶಿಬಿರಕ್ಕೆ ಹೋಗಿದ್ದೆ. ಅಕ್ಕ ತೀರಿದ ಮೇಲೆ ನಾನು ಹೋದ ಎಲ್ಲ ಶಿಬಿರಗಳಲ್ಲಿ ಇದ್ದ ಹಾಗೆ ಅಲ್ಲಿಯೂ ಬಾಯಿ ನೋಡುವ ಮೇಜು ಮೊದಲು, ನನ್ನದು ಆಮೇಲೆ. ಬಾಯಿಯ ಕಾಲಮ್ಮಿನಲ್ಲಿ ಡಾಕ್ಟರು ಬರೆಯದೆ ನಾನು ಯಾರ ಬೆರಳನ್ನೂ ಮುಟ್ಟುತ್ತಿರಲಿಲ್ಲ. ಐಸನ್ನು ಎರಡು ಡಬ್ಬಿ ಒಯ್ಯುತ್ತಿದ್ದೆ. ಅಷ್ಟೇ ಬೇಕಾಗಿದ್ದದ್ದು, ಇನ್ನೊಂದು ಡಬ್ಬಿ ಐಸು.

ಸುಮಾರು ಅಕ್ಕನ ವಯಸ್ಸಿನ ಒಬ್ಬ ಹೆಂಗಸು ಬಂದರು. ಬೆರಳು ಚುಚ್ಚಿ, ನೋಡಿ, ಚೀಟಿ ಬರೆದು ಕೊಟ್ಟೆ.

“ಏನ್ ಬಂತವ್ವ?”

“ಬಿ ಪಾಸಿಟಿವ್.”

“ಒಳ್ಳೇದಾ ಕೆಟ್ಟದ್ದಾ?”

“ಒಳ್ಳೇದೂ ಅಲ್ಲ, ಕೆಟ್ಟದ್ದೂ ಅಲ್ಲ. ರಕ್ತ ಬೇಕಾದಾಗ ಯಾರದು ಹೊಂದ್ತದೆ ಅಂತ ನೋಡೋಕೆ ಈ ಚೀಟಿ. ಇನ್ನೇನನ್ನೂ ಇದು ಹೇಳಲ್ಲ.”

“ಏನೂ ತೊಂದ್ರೆ ಇಲ್ಲ ತಾನೇ? ಅಷ್ಟಾದ್ರೂ ಏಳು.”

ಅವರ ಮುಖದಲ್ಲಿ ಕಾಯುವ ಭಾವವಿತ್ತು. ತೊಂದರೆ ಇಲ್ಲ ಕಣಮ್ಮ ಎಂದಿದ್ದರೆ ಅವರು ನೆಮ್ಮದಿಯಿಂದ ಹೋಗುತ್ತಿದ್ದರು, ನನಗೂ ಹಗುರಾಗುತ್ತಿತ್ತು. “ಅದನ್ನ ನಾನು ಹೇಳೋಕಾಗಲ್ಲ. ಡಾಕ್ಟರು ಬಾಯಿ ನೋಡಿ ಏನಂದ್ರೋ ಅದು” ಎಂದೆ.

ಅವರು ಚೀಟಿ ತೆಗೆದುಕೊಂಡು, ಪಕ್ಕದವರಿಗೆ ಹೇಳಿದರೂ ನನಗೆ ಕೇಳಲಿ ಎಂಬಂತೆ, “ಒಂದ್ ಒಳ್ಳೆ ಮಾತಾಡೋಕೆ ಏನ್ ಬಂದದೆ ಇವ್ಳಿಗೆ” ಎನ್ನುತ್ತಾ ಹೋದರು.

ನಾನು ಗಾಜಿನ ಪಟ್ಟಿಯನ್ನು ಒರೆಸಿಟ್ಟು, ರಿಜಿಸ್ಟರಿನಲ್ಲಿ ಮುಂದಿನ ಹೆಸರಿನ ಎದುರು ಬಾಯಿಯ ಕಾಲಮ್ಮು ತುಂಬಿದೆಯೇ ಎಂದು ನೋಡಿದೆ. ತುಂಬಿತ್ತು. ಬೆರಳು ಕೊಡಿ ಎಂದೆ.